ಮಿಲ್ಕ್‌ವೀಡ್ ಬೀಜ ಅಮೆರಿಕದಿಂದ ತರಿಸಬೇಕಾ?

ಪ್ರಶ್ನೆ: ನಾವಿರುವುದು ಮೈಸೂರಿನಲ್ಲಿ. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಅವಳ ಹಿತ್ತಲಿನ ಮಿಲ್ಕ್‌ವೀಡ್ ಗಿಡಗಳಿಗೆ ಮೊನಾರ್ಕ್ ಚಿಟ್ಟೆಗಳು ಬರುತ್ತವೆ. ಮುಂದಿನ ಸಲ ಬರುವಾಗ ಬೀಜ ತರಲಾ ಅಂತ ಕೇಳುತ್ತಿದ್ದಾಳೆ. ಇಲ್ಲಿನ ನರ್ಸರಿಯಲ್ಲೂ ಮಿಲ್ಕ್‌ವೀಡ್ ಎಂದು ಕೆಂಪು-ಹಳದಿ ಹೂವಿನ ಗಿಡವೊಂದನ್ನು ಕೊಟ್ಟರು. ಅದನ್ನು ಕುಂಡದಲ್ಲಿ ಇಟ್ಟಿದ್ದೇನೆ. ಈಗ ಕುಡಿಯ ತುಂಬ ಹಳದಿ ಹೇನು. ಪಟ್ಟೆ ಪಟ್ಟೆ ಹುಳುಗಳು ಎಲೆಯನ್ನೆಲ್ಲ ತಿಂದು ಬೋಳು ಮಾಡಿವೆ. ಬೇವಿನೆಣ್ಣೆ ಹೊಡೆಯಬಹುದೇ? ಇದರ ಹಾಲು ವಿಷ ಅಂತಲೂ ಹೇಳುತ್ತಾರೆ. ಮನೆಯಲ್ಲಿ ಐದು ವರ್ಷದ ಮೊಮ್ಮಗ ಇದ್ದಾನೆ. ಗಿಡ ಇಟ್ಟುಕೊಳ್ಳಲೇ, ಕಿತ್ತು ಹಾಕಲೇ?

ಉತ್ತರ: ಕೀಳಬೇಡಿ. ಬೇವಿನೆಣ್ಣೆಯನ್ನೂ ಹೊಡೆಯಬೇಡಿ. ಆ ಪಟ್ಟೆ ಹುಳುಗಳು ಚಿಟ್ಟೆಯ ಮರಿಗಳೇ. ಅವು ಎಲೆ ತಿಂದಿವೆ ಅಂದರೆ ನೀವು ಗಿಡ ತಂದ ಉದ್ದೇಶ ಈಡೇರಿದೆ ಎಂದು ಅರ್ಥ. ಅಮೆರಿಕದ ಬೀಜ ಬೇಕಾಗಿಲ್ಲ. ಬೀಜ ಬಂದರೂ ಅದರ ಹಿಂದೆ ಮೊನಾರ್ಕ್ ಬರುವುದಿಲ್ಲ, ಆ ಚಿಟ್ಟೆ ನಮ್ಮ ದೇಶದಲ್ಲೇ ಇಲ್ಲ. ನಮ್ಮಲ್ಲಿರುವುದು ಅದರ ಹತ್ತಿರದ ಬಂಧು, ಪ್ಲೇನ್ ಟೈಗರ್. ಕಿತ್ತಳೆ-ಕಂದು ರೆಕ್ಕೆ, ಕಪ್ಪು ಅಂಚು, ಮುಂದಿನ ರೆಕ್ಕೆಯ ತುದಿಯಲ್ಲಿ ಬಿಳಿ ಮಚ್ಚೆಗಳು. ಈ ಚಿಟ್ಟೆಗೆ ಬೇಕಾದ ಗಿಡ ನಿಮ್ಮ ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ ಈಗಾಗಲೇ ಇರಬಹುದು. ಅದು ಎಕ್ಕ, ಮಿಲ್ಕ್‌ವೀಡಿನ ಕುಟುಂಬದ್ದೇ ಗಿಡ.

ಮೊದಲು ಬೀಜದ ವಿಷಯ ಮುಗಿಸಿಬಿಡೋಣ. ಹೊರದೇಶದಿಂದ ಬೀಜ ತರಲು 2003ರ ಸಸ್ಯ ಸಂಗರೋಧ (ಪ್ಲಾಂಟ್ ಕ್ವಾರಂಟೈನ್) ಆದೇಶದ ಪ್ರಕಾರ ಅನುಮತಿ ಬೇಕು, ಅಲ್ಲಿನ ಸರ್ಕಾರದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಸೂಟ್‌ಕೇಸಿನಲ್ಲಿ ಸುಮ್ನೆ ಒಂದು ಪೊಟ್ಟಣ ಹಾಕಿಕೊಂಡು ಬರುವ ಹಾಗಿಲ್ಲ. ಬೀಜದ ಜೊತೆ ರೋಗ, ಕೀಟ, ಹೊಸ ಕಳೆ ಬರುವ ಅಪಾಯ ಇರುವುದರಿಂದ ಈ ನಿಯಮ ಇದೆ, ಅದನ್ನು ಪಾಲಿಸಬೇಕು. ಇನ್ನೂ ಒಂದು ಕಾರಣ ಇದೆ. ನ್ಯೂಜೆರ್ಸಿ ಕಡೆಯ ಸಾಮಾನ್ಯ ಮಿಲ್ಕ್‌ವೀಡಿನ ಬೀಜ ಚಳಿಗಾಲ ಕಳೆದ ಮೇಲೇ ಮೊಳೆಯುವಂಥದ್ದು. ಫ್ರಿಜ್ಜಿನಲ್ಲಿ ಒಂದು ತಿಂಗಳು ಒದ್ದೆ ಮರಳಿನಲ್ಲಿ ಇಟ್ಟು ಮೊಳಕೆ ಬರಿಸಿದರೂ ಆ ಗಿಡಕ್ಕೆ ವರ್ಷಕ್ಕೊಮ್ಮೆ ಎಲೆ ಉದುರಿಸಿ ನೆಲದೊಳಗೆ ಮಲಗುವ ಅಭ್ಯಾಸ. ಮೈಸೂರಿನ ಹವೆಯಲ್ಲಿ ಅದು ನೆಮ್ಮದಿಯಾಗಿ ಬದುಕುವುದಿಲ್ಲ.

ಅಮೆರಿಕದಲ್ಲಿ ಮಿಲ್ಕ್‌ವೀಡ್ ನೆಡಿ ಎಂದು ಅಷ್ಟೊಂದು ಹೇಳುವುದಕ್ಕೆ ಗಟ್ಟಿಯಾದ ಕಾರಣವೇ ಇದೆ. ರಾಕಿ ಪರ್ವತಗಳ ಪೂರ್ವಕ್ಕಿರುವ ಮೊನಾರ್ಕ್‌ಗಳು ಚಳಿಗಾಲ ಕಳೆಯಲು ಮೆಕ್ಸಿಕೊದ ಬೆಟ್ಟಗಳ ಓಯಾಮೆಲ್ ಎಂಬ ಸೂಚಿಪರ್ಣ ಮರಗಳ ಕಾಡಿಗೆ ಹಾರುತ್ತವೆ. ಅಲ್ಲಿ ಅವು ಎಷ್ಟು ಜಾಗದಲ್ಲಿ ಕೂತಿವೆ ಎಂದು ಪ್ರತಿ ವರ್ಷ ಅಳೆಯುತ್ತಾರೆ. 1996-97ರ ಚಳಿಗಾಲದಲ್ಲಿ 18 ಹೆಕ್ಟೇರಿಗಿಂತ ಜಾಸ್ತಿ ಇತ್ತು. 2013-14ರಲ್ಲಿ 0.67 ಹೆಕ್ಟೇರಿಗೆ ಇಳಿಯಿತು, 2023-24ರಲ್ಲಿ 0.90. ಮೆಕ್ಕೆಜೋಳ, ಸೋಯಾ ಹೊಲಗಳಲ್ಲಿ ಕಳೆನಾಶಕ ಹೊಡೆದು ಹೊಡೆದು ಸಾಲುಗಳ ನಡುವೆ ಬೆಳೆಯುತ್ತಿದ್ದ ಮಿಲ್ಕ್‌ವೀಡ್ ಹೋಗಿಬಿಟ್ಟಿದ್ದು ಇದಕ್ಕೆ ಒಂದು ದೊಡ್ಡ ಕಾರಣ. ಮೊನಾರ್ಕ್ ಹುಳು ಮಿಲ್ಕ್‌ವೀಡ್ ಬಿಟ್ಟು ಬೇರೆ ಏನನ್ನೂ ತಿನ್ನುವುದಿಲ್ಲ. ಹಾಗಾಗಿ ನಿಮ್ಮ ಮಗಳು ಹಿತ್ತಲಲ್ಲಿ ನೆಟ್ಟ ಪ್ರತಿ ಗಿಡವೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ನಮ್ಮ ಪ್ಲೇನ್ ಟೈಗರ್‌ಗೆ ಅಂಥ ಕಷ್ಟ ಬಂದಿಲ್ಲ. ಎಕ್ಕ ಇರುವಲ್ಲೆಲ್ಲ ಅದೂ ಇರುತ್ತದೆ, ವರ್ಷವಿಡೀ ಕಾಣುತ್ತದೆ. ಆದ್ದರಿಂದ ನಿಮ್ಮ ತೋಟದಲ್ಲಿ ಎಕ್ಕದ ಜೊತೆ ಅದರ ಬಂಧುಗಳಾದ ಹಾಲಿನ ಬಳ್ಳಿಗಳಿಗೂ ಜಾಗ ಕೊಡಿ ಎಂದು ನಾನು ಹೇಳುತ್ತೇನೆ. ಬೇಲಿ, ಪೊದೆ ಇದ್ದ ಕಡೆ ಕಾಂಪೌಂಡ್ ಎದ್ದ ಮೇಲೆ ನಿಜವಾಗಿ ಜಾಗ ಕಳೆದುಕೊಂಡಿರುವುದು ಆ ಬಳ್ಳಿಗಳು. ಅವನ್ನು ನಂಬಿದ ಚಿಟ್ಟೆಗಳೇ ಬೇರೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ನಿಮ್ಮ ಕುಂಡದ ಗಿಡ. ಕೆಂಪು-ಹಳದಿ ಹೂವಿನ ಆ ಮಿಲ್ಕ್‌ವೀಡ್ ಮೂಲತಃ ಅಮೆರಿಕ ಖಂಡದ ಉಷ್ಣ ಪ್ರದೇಶದ್ದು. ನಮ್ಮಲ್ಲಿಗೆ ಬಂದು ಬಹಳ ಕಾಲವಾಯಿತು. ಮಲೆನಾಡಿನ ಹಳ್ಳದ ಬದಿ, ತೋಟದ ಅಂಚುಗಳಲ್ಲಿ ತಾನೇ ಹುಟ್ಟಿ ಬೆಳೆದಿರುವುದನ್ನು ನೋಡಬಹುದು. ಪ್ಲೇನ್ ಟೈಗರ್ ಇದರ ಮೇಲೂ ಮೊಟ್ಟೆ ಇಡುತ್ತದೆ. ಮೈಸೂರಿನ ಮನೆಯ ಕುಂಡದಲ್ಲಿ ಇಟ್ಟುಕೊಳ್ಳಲು ನನ್ನ ಅಡ್ಡಿ ಇಲ್ಲ. ಒಂದೇ ಷರತ್ತು, ಕಾಯಿ ಒಣಗಿ ಬಿರಿಯುವ ಮೊದಲೇ ಕಿತ್ತುಬಿಡಿ. ಬೀಜಕ್ಕೆ ರೇಷ್ಮೆಯಂಥ ಕೂದಲಿದೆ, ಗಾಳಿಯಲ್ಲಿ ಎಲ್ಲೆಲ್ಲಿಗೋ ಹೋಗುತ್ತದೆ. ಕೊಡಗು, ಚಿಕ್ಕಮಗಳೂರಿನ ಕಡೆ ತೋಟ ಇರುವವರು, ಅದರಲ್ಲೂ ಪಕ್ಕದಲ್ಲೇ ಹಳ್ಳ ಹರಿಯುವವರು, ಇದನ್ನು ನೆಡದಿರುವುದೇ ವಾಸಿ.

ಹಳದಿ ಹೇನು ಕಂಡರೆ ಗಾಬರಿ ಬೇಡ. ಎಕ್ಕ, ಕಣಗಿಲೆ, ಮಿಲ್ಕ್‌ವೀಡ್ ಇದ್ದಲ್ಲಿ ಅವು ಬಂದೇ ಬರುತ್ತವೆ. ಗಿಡ ಸಾಯುವುದಿಲ್ಲ. ಪೈಪಿನ ನೀರನ್ನು ಕುಡಿಗೆ ಸ್ವಲ್ಪ ಜೋರಾಗಿ ಬಿಟ್ಟರೆ ಅರ್ಧಕ್ಕರ್ಧ ಉದುರುತ್ತವೆ. ಉಳಿದವನ್ನು ಬೆರಳಿನಿಂದ ಒರೆಸಿ ತೆಗೆಯಿರಿ. ಆದರೆ ಮೊದಲು ಎಲೆ ತಿರುಗಿಸಿ, ಮೊಟ್ಟೆ ಅಥವಾ ಪುಟ್ಟ ಹುಳು ಇದೆಯೇ ಎಂದು ನೋಡಿಕೊಳ್ಳಿ. ಕೆಲವು ದಿನ ತಾಳಿದರೆ ಗುಲಗಂಜಿ ಹುಳುಗಳು ಬಂದು ಹೇನನ್ನು ತಿನ್ನಲು ಶುರು ಮಾಡುತ್ತವೆ. ಬೇವಿನೆಣ್ಣೆ ಸಾವಯವ ಅಲ್ವಾ, ಏನಾಗುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಹುಳುಗಳ ಪೊರೆ ಕಳಚುವ ಕ್ರಿಯೆಯನ್ನೇ ಕೆಡಿಸುತ್ತದೆ. ಹೇನಿಗೆ ಹೊಡೆದದ್ದು ಚಿಟ್ಟೆಯ ಮರಿಯನ್ನೂ ಬಿಡುವುದಿಲ್ಲ. ಚಿಟ್ಟೆಗೆಂದು ಇಟ್ಟ ಗಿಡಕ್ಕೆ ಬೇವು, ಬೆಳ್ಳುಳ್ಳಿ ರಸ, ಸೋಪಿನ ನೀರು ಯಾವುದೂ ಬೇಡ.

ನರ್ಸರಿಯಿಂದ ಇನ್ನೊಂದು ಗಿಡ ತರುವುದಾದರೆ ಕೀಟನಾಶಕ ಹಾಕಿದ್ದೀರಾ ಎಂದು ಕೇಳಿಯೇ ತನ್ನಿ. ಕೆಲವು ಔಷಧಿಗಳು ಬೇರಿನಿಂದ ಎಲೆಗೆ ಏರಿ ಗಿಡದೊಳಗೇ ಉಳಿಯುತ್ತವೆ, ತೊಳೆದರೆ ಹೋಗುವುದಿಲ್ಲ. ಎಲೆ ತಿಂದ ಹುಳು ಹಸಿರು ಕಕ್ಕಿ, ಸೊರಗಿ ಕೆಳಗೆ ಬಿದ್ದರೆ ಅನುಮಾನ ಪಡಬೇಕಾದದ್ದು ಇದನ್ನೇ. ನಿಮ್ಮ ಹುಳುಗಳು ಗಿಡವನ್ನು ಬೋಳು ಮಾಡುವಷ್ಟು ಚೆನ್ನಾಗಿ ತಿಂದಿವೆ ಅಂದ ಮೇಲೆ ನಿಮ್ಮ ಗಿಡದಲ್ಲಿ ಅಂಥ ತೊಂದರೆ ಇದ್ದಂತಿಲ್ಲ.

ಬೋಳಾದ ಗಿಡ ಮತ್ತೆ ಚಿಗುರುತ್ತದೆ. ತುರ್ತು ಇರುವುದು ಹುಳುಗಳಿಗೆ. ಕುಂಡದ ಚಿಕ್ಕ ಗಿಡವನ್ನು ಮೂರು-ನಾಲ್ಕು ಹುಳುಗಳೇ ಮುಗಿಸಿಬಿಡುತ್ತವೆ. ಆಗ ಹತ್ತಿರದ ಎಕ್ಕದಿಂದ ಎಲೆ ಇರುವ ಒಂದು ಕೊಂಬೆ ಕಡಿದು ತಂದು ನೀರಿನ ಬಾಟಲಿಯಲ್ಲಿಟ್ಟು ನಿಮ್ಮ ಗಿಡಕ್ಕೆ ತಾಗುವ ಹಾಗೆ ನಿಲ್ಲಿಸಿ. ಬಾಟಲಿಯ ಬಾಯಿಗೆ ಹತ್ತಿ ತುರುಕಿ, ಇಲ್ಲದಿದ್ದರೆ ಹುಳು ಒಳಗೆ ಇಳಿದು ಮುಳುಗುತ್ತದೆ. ನೀವು ಎತ್ತಿ ಬಿಡಬೇಕಿಲ್ಲ, ಹಸಿದ ಹುಳು ತಾನೇ ದಾಟಿಕೊಳ್ಳುತ್ತದೆ.

ಅದು ಪ್ಲೇನ್ ಟೈಗರ್ ಹುಳುವೇ ಎಂದು ಹೀಗೆ ಖಚಿತ ಮಾಡಿಕೊಳ್ಳಿ. ಮೈಮೇಲೆ ಕಪ್ಪು-ಬಿಳಿ ಉಂಗುರಗಳು, ನಡುನಡುವೆ ಹಳದಿ ಮಚ್ಚೆ. ಬೆನ್ನ ಮೇಲೆ ಕೊಂಬಿನಂಥ ಕಪ್ಪು ಎಳೆಗಳು ಮೂರು ಜೊತೆ: ತಲೆಯ ಹತ್ತಿರ ಒಂದು, ನಡುವೆ ಒಂದು, ಹಿಂದೆ ಒಂದು. ನಿಮ್ಮ ಮಗಳ ಮನೆಯ ಮೊನಾರ್ಕ್ ಹುಳುವಿಗೆ ಎರಡೇ ಜೊತೆ, ನಡುವಿನದು ಇರುವುದಿಲ್ಲ. ಮೊಮ್ಮಗನಿಗೆ ಎರಡೂ ಫೋಟೊ ಪಕ್ಕಪಕ್ಕ ಇಟ್ಟು ಎಣಿಸಲು ಹೇಳಿ.

ಎಕ್ಕದ ಎಲೆಯ ಮೇಲೆ ಈ ಹುಳು ಊಟ ಮಾಡುವ ರೀತಿ ನೋಡಬೇಕು. ತಾಯಿ ಎಲೆಯ ಅಡಿಗೆ ಒಂದೊಂದೇ ಮೊಟ್ಟೆ ಅಂಟಿಸಿ ಹೋಗುತ್ತದೆ. ಮುತ್ತಿನ ಬಿಳುಪು, ಉದ್ದುದ್ದ ಗೀರುಗಳು, ಗುಂಡುಸೂಜಿಯ ತಲೆಗಿಂತ ಚಿಕ್ಕದು. ಮೂರು-ನಾಲ್ಕು ದಿನದಲ್ಲಿ ಮರಿ ಹೊರಬಂದು ಮೊದಲು ಮೊಟ್ಟೆಯ ಸಿಪ್ಪೆಯನ್ನೇ ತಿನ್ನುತ್ತದೆ. ಆಮೇಲೆ ಎಲೆಗೆ ಬಾಯಿ ಹಾಕಬೇಕು. ಹಾಕಿದ ಕೂಡಲೇ ಅಂಟು ಹಾಲು ಉಕ್ಕುತ್ತದೆ, ಅದರಲ್ಲಿ ಬಾಯಿ ಅಂಟಿ ಸಾಯುವ ಮರಿಗಳೂ ಇವೆ. ಅದಕ್ಕೇ ಮರಿ ಮೊದಲು ಎಲೆಯ ಮೇಲೆ ಒಂದು ಪುಟ್ಟ ವೃತ್ತ ಕೊರೆಯುತ್ತದೆ. ಸುತ್ತಲಿನ ಹಾಲಿನ ನಾಳಗಳು ತುಂಡಾಗುತ್ತವೆ, ಹಾಲು ಅಂಚಿನಲ್ಲೇ ಸೋರಿ ನಿಲ್ಲುತ್ತದೆ. ಒಳಗಿನ ತುಣುಕಿಗೆ ಹಾಲು ಬರುವುದಿಲ್ಲ. ಆಗ ಒಳಗೆ ಕೂತು ಆರಾಮಾಗಿ ತಿನ್ನುತ್ತದೆ. ಎಕ್ಕದ ಎಲೆಯಲ್ಲಿ ಅಚ್ಚುಕಟ್ಟಾದ ಸಣ್ಣ ಸಣ್ಣ ಗುಂಡು ತೂತುಗಳು ಕಂಡರೆ ಎಲೆಯ ಅಡಿಯಲ್ಲಿ ಹುಡುಕಿ, ಮರಿ ಅಲ್ಲೇ ಎಲ್ಲೋ ಇರುತ್ತದೆ. ದೊಡ್ಡದಾದ ಮೇಲೆ ಎಲೆಯ ನಡುನರವನ್ನೇ ಕಚ್ಚಿ ಹಾಲು ತಡೆಯುತ್ತದೆ, ಎಲೆ ಜೋತು ಬೀಳುತ್ತದೆ.

ಹಾಲಿನಲ್ಲಿರುವ ವಿಷ ಹೃದಯದ ಬಡಿತ ಕೆಡಿಸುವಂಥದ್ದು. ಹುಳು ಅದನ್ನು ತನ್ನ ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ, ಚಿಟ್ಟೆಯಾದ ಮೇಲೂ ಅದು ಉಳಿಯುತ್ತದೆ. ಒಮ್ಮೆ ತಿಂದು ವಾಂತಿ ಮಾಡಿಕೊಂಡ ಹಕ್ಕಿ ಆ ಬಣ್ಣದ ತಂಟೆಗೆ ಮತ್ತೆ ಹೋಗುವುದಿಲ್ಲ. ಪ್ಲೇನ್ ಟೈಗರ್ ಅಷ್ಟು ನಿಧಾನವಾಗಿ, ಯಾರ ಭಯವೂ ಇಲ್ಲದೆ ಹಾರುವುದು ಈ ರಕ್ಷಣೆಯಿಂದ. ಈ ಬಣ್ಣದ ಲಾಭವನ್ನು ಇನ್ನೊಂದು ಚಿಟ್ಟೆಯೂ ಪಡೆಯುತ್ತದೆ. ಡನೈಡ್ ಎಗ್‌ಫ್ಲೈ ಎಂಬ ಚಿಟ್ಟೆಯ ಹೆಣ್ಣು ನೋಡಲು ಥೇಟ್ ಪ್ಲೇನ್ ಟೈಗರ್. ಅದರಲ್ಲಿ ಈ ವಿಷ ಇಲ್ಲ, ವೇಷ ಮಾತ್ರ. ಅದರ ಮರಿ ತಿನ್ನುವುದು ನಾವು ಸಾರಿಗೆ ಹಾಕುವ ಗೋಣಿ ಸೊಪ್ಪನ್ನು. ಒಂದು ಅಗಲವಾದ ಕುಂಡದಲ್ಲಿ ಗೋಣಿ ಸೊಪ್ಪು ಬಿಟ್ಟರೆ ನಿಮಗೂ ಸಾರಾಯಿತು, ಅದಕ್ಕೂ ಊಟವಾಯಿತು.

ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಎರಡು ವಾರದ ಆಸುಪಾಸಿನಲ್ಲಿ ತಿನ್ನುವುದು ನಿಲ್ಲಿಸಿ ತಲೆಕೆಳಗಾಗಿ ಜೋತುಬಿದ್ದು ಕೋಶವಾಗುತ್ತದೆ. ಕೋಶ ಹಸಿರು ಅಥವಾ ತಿಳಿ ಗುಲಾಬಿ, ಮೇಲೆ ಚಿನ್ನದ ಚುಕ್ಕಿಗಳು. ಹೆಚ್ಚಾಗಿ ಗಿಡ ಬಿಟ್ಟು ಕುಂಡದ ಅಂಚಿಗೋ ಕಿಟಕಿಯ ಸರಳಿಗೋ ಹೋಗಿ ಅಂಟಿಕೊಳ್ಳುತ್ತದೆ. ಹುಳು ಕಾಣೆಯಾಯಿತು ಎಂದು ದುಃಖ ಪಡುವ ಮೊದಲು ಆ ಜಾಗಗಳನ್ನು ನೋಡಿ. ಹತ್ತು-ಹನ್ನೆರಡು ದಿನದಲ್ಲಿ ಚಿಟ್ಟೆ ಹೊರಬರುತ್ತದೆ. ಎಲ್ಲವೂ ಬದುಕುವುದಿಲ್ಲ. ಕೆಲವು ಹುಳುಗಳ ಮೈಯಲ್ಲಿ ನೊಣ ಮತ್ತು ಸಣ್ಣ ಕಣಜಗಳು ಮೊಟ್ಟೆ ಇಡುತ್ತವೆ, ಜೇಡ ಹಿಡಿಯುತ್ತದೆ. ಕಾಪಾಡಬೇಕೆಂದು ಹತ್ತಾರು ಹುಳುಗಳನ್ನು ಡಬ್ಬಿಯಲ್ಲಿ ತುಂಬಿ ಸಾಕಬೇಡಿ. ಒತ್ತೊತ್ತಾಗಿ ಇಟ್ಟರೆ ರೋಗ ಒಂದರಿಂದ ಒಂದಕ್ಕೆ ಹರಡುತ್ತದೆ. ಮೊಮ್ಮಗ ನೋಡಬೇಕು ಎಂದರೆ ಒಂದೆರಡನ್ನು ಗಾಳಿಯಾಡುವ ಬಲೆಯೊಳಗೆ ಇಡಿ, ದಿನವೂ ಹಿಕ್ಕೆ ತೆಗೆದು ಹೊಸ ಎಲೆ ಕೊಡಿ. ಉಳಿದವು ಗಿಡದ ಮೇಲೇ ಇರಲಿ.

ಈಗ ಮಗುವಿನ ವಿಷಯ. ಹುಳುವನ್ನು ಮುಟ್ಟಿದರೆ ಏನೂ ಆಗುವುದಿಲ್ಲ, ಅದಕ್ಕೆ ಚುಚ್ಚುವ ಕೂದಲಿಲ್ಲ. ಕೈ ತೊಳೆಸಿದರೆ ಸಾಕು. ಭಯ ಇರಬೇಕಾದದ್ದು ಹಾಲಿಗೆ, ಅದರಲ್ಲೂ ಕಣ್ಣಿಗೆ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಊದಿಕೊಂಡು ನೋಟ ಮಂಜಾಗುತ್ತದೆ. ಎಷ್ಟೋ ಸಲ ನೋವೇ ಇರುವುದಿಲ್ಲ, ಅದಕ್ಕೇ ಜನ ತಡ ಮಾಡುತ್ತಾರೆ. ಬಿದ್ದ ಕೂಡಲೇ ಶುದ್ಧ ನೀರಿನಲ್ಲಿ ಕನಿಷ್ಠ 15 ನಿಮಿಷ ಕಣ್ಣು ತೊಳೆಯಿರಿ. ಮನೆಮದ್ದು ಏನನ್ನೂ ಬಿಡಬೇಡಿ. ನೋವಿಲ್ಲದಿದ್ದರೂ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ರಥಸಪ್ತಮಿಯ ದಿನ ತಲೆ, ಭುಜದ ಮೇಲೆ ಎಕ್ಕದ ಎಲೆ ಇಟ್ಟು ಮಕ್ಕಳಿಗೆ ನೀರೆರೆಯುವ ಮನೆಗಳಲ್ಲಿ ಎಲೆಯನ್ನು ಹಿಂದಿನ ಸಂಜೆಯೇ ಕಿತ್ತು, ತೊಟ್ಟಿನ ಹಾಲು ಒಣಗಲು ಬಿಟ್ಟು, ತೊಳೆದು ಒರೆಸಿ ಇಟ್ಟುಕೊಳ್ಳಿ. ಗಣೇಶನಿಗೆ ಬಿಳಿ ಎಕ್ಕದ ಹೂ ಬಿಡಿಸುವ ಕೆಲಸವನ್ನು ಮಕ್ಕಳಿಗೆ ಹೇಳಬೇಡಿ. ಗಿಡ ಸವರುವಾಗ ನೀವೂ ಕೈಗವಸು ಹಾಕಿ, ಕನ್ನಡಕ ಇದ್ದರೆ ಹಾಕಿಕೊಳ್ಳಿ. ಹಾಲು, ಎಲೆ ಹೊಟ್ಟೆಗೆ ಹೋದರೂ ವಿಷವೇ. ಐದು ವರ್ಷದ ಮಗುವಿಗೆ ಹೇಳಿದರೆ ಅರ್ಥವಾಗುತ್ತದೆ: ನೋಡಬಹುದು, ಕೀಳಬಾರದು.

ಎಕ್ಕ ಬೆಳೆಸಲು ಕಷ್ಟವೇನಿಲ್ಲ, ಜಾಗ ಮತ್ತು ಬಿಸಿಲು ಬೇಕು ಅಷ್ಟೇ. ನೆಲದಲ್ಲಿ ಬಿಟ್ಟರೆ ಆಳೆತ್ತರ ಮೀರುತ್ತದೆ, ಹಾಗಾಗಿ ಮಗು ಆಡುವ ಜಾಗದಿಂದ ದೂರ, ಕಾಂಪೌಂಡಿನ ಮೂಲೆಯಲ್ಲಿ ಹಾಕಿ. ಬಲಿತ ಕಾಯಿಯಿಂದ ಬೀಜ ತೆಗೆದು ಮುಂಗಾರಿಗೆ ಮೊದಲು ಕವರಿನಲ್ಲಿ ಹಾಕಿದರೆ ಸುಲಭವಾಗಿ ಮೊಳೆಯುತ್ತದೆ. ಕಡ್ಡಿಯಿಂದಲೂ ಬರುತ್ತದೆ, ಕಡಿದ ತುದಿಯ ಹಾಲು ಒಂದೆರಡು ದಿನ ಒಣಗಲಿ. ತಾರಸಿಯಲ್ಲಾದರೆ ದೊಡ್ಡ ಕುಂಡ ಅಥವಾ ಹಳೆಯ ಡ್ರಮ್ಮು ಬೇಕು, ಮಣ್ಣಿಗೆ ಅರ್ಧದಷ್ಟು ಮರಳು ಬೆರೆಸಿ, ಕೆಳಗೆ ತೂತು ಸರಿಯಾಗಿರಲಿ. ಬೇರೂರಿದ ಮೇಲೆ ನೀರು ಕಡಿಮೆಯಾದರೂ ಸಾಯುವುದಿಲ್ಲ, ಜಾಸ್ತಿಯಾದರೆ ಕೊಳೆಯುತ್ತದೆ. ಗೊಬ್ಬರ ಹಾಕುವ ಅಗತ್ಯವಿಲ್ಲ. ವರ್ಷಕ್ಕೆ ಎರಡು ಸಲ ಮೊಣಕಾಲೆತ್ತರಕ್ಕೆ ಸವರಿದರೆ ಎಳೆ ಎಲೆ ಬರುತ್ತದೆ, ತಾಯಿ ಚಿಟ್ಟೆಗೆ ಅದೇ ಇಷ್ಟ. ಹಳದಿ-ನೀಲಿ ಪಟ್ಟೆಯ ದೊಡ್ಡ ಮಿಡತೆಗಳು ಎಕ್ಕಕ್ಕೆ ಬರುತ್ತವೆ. ಎಳೆಯ ಸಸಿಯಾದರೆ ಅವನ್ನು ಕೈಯಿಂದ ತೆಗೆದು ದೂರ ಬಿಡಿ. ದೊಡ್ಡ ಗಿಡವಾದರೆ ಅವೂ ತಿನ್ನಲಿ. ಎಕ್ಕದ ಹೂವಿಗೆ ಬರುವ ಕಪ್ಪು ದುಂಬಿಗಳ ಗುಂಯ್ ಸದ್ದು ಬೆಳಿಗ್ಗೆ ದೂರದಿಂದಲೇ ಕೇಳುತ್ತದೆ.

ಇನ್ನು ಬಳ್ಳಿಗಳು. ಜಾಗ ಕಡಿಮೆ ಇರುವವರಿಗೆ ಇವೇ ಒಳ್ಳೆಯವು, ಒಂದು ಗ್ರಿಲ್ ಸಿಕ್ಕರೆ ಸಾಕು. ಹಾಲುಕೊರಟಿಗೆ ಬೇಲಿಯ ಮೇಲೆ ತಾನೇ ಹಬ್ಬುವ ಬಳ್ಳಿ, ಹೃದಯಾಕಾರದ ಎಲೆ, ಮುಳ್ಳುಮುಳ್ಳಾದ ಜೋಡಿಕಾಯಿ. ಪ್ಲೇನ್ ಟೈಗರ್ ಇದರ ಮೇಲೂ ಬೆಳೆಯುತ್ತದೆ. ಆಡುಮುಟ್ಟದ ಬಳ್ಳಿ ಗ್ಲಾಸಿ ಟೈಗರ್ ಎಂಬ ಬೂದು-ಬಿಳಿ ಗೆರೆಗಳ ಚಿಟ್ಟೆಗೆ ಬೇಕು. ನಾಮದ ಬೇರಿನ ಬಳ್ಳಿಯಲ್ಲಿ ಕಾಮನ್ ಕ್ರೋ ಎಂಬ ಚಿಟ್ಟೆ ಮೊಟ್ಟೆ ಇಡುತ್ತದೆ. ಅದರ ಕೋಶ ಬೆಳ್ಳಿಯ ಬಣ್ಣದ್ದು, ಪಕ್ಕದ ಎಲೆಗಳು ಅದರಲ್ಲಿ ಪ್ರತಿಬಿಂಬಿಸುತ್ತವೆ. ಕಾಮನ್ ಕ್ರೋ ಕಣಗಿಲೆಯಲ್ಲೂ ಬೆಳೆಯುತ್ತದೆ, ಆದರೆ ಕಣಗಿಲೆ ಇಡೀ ಗಿಡವೇ ಕಡುವಿಷ. ಚಿಕ್ಕ ಮಗು ಇರುವ ನಿಮ್ಮ ಮನೆಗೆ ಹೊಸದಾಗಿ ತರಬೇಡಿ. ಈ ಬಳ್ಳಿಗಳು ನರ್ಸರಿಯಲ್ಲಿ ಸಿಗುವುದು ಕಡಿಮೆ. ಔಷಧಿ ಗಿಡಗಳನ್ನು ಬೆಳೆಸುವವರ ಹತ್ತಿರ ಆಡುಮುಟ್ಟದ ಬಳ್ಳಿ, ನಾಮದ ಬೇರು ಸಿಗುತ್ತವೆ. ಕಾಡಿನಿಂದ ಬೇರುಸಮೇತ ಕಿತ್ತು ತರುವುದು ಮಾತ್ರ ಬೇಡ.

ಮೊನಾರ್ಕ್‌ನಂತೆ ನಮ್ಮಲ್ಲೂ ವಲಸೆ ಹೋಗುವ ಚಿಟ್ಟೆಗಳಿವೆ. ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕ್ರೋ ಚಿಟ್ಟೆಗಳು ಮುಂಗಾರಿನ ಹೊತ್ತಿಗೆ ಪಶ್ಚಿಮಘಟ್ಟ ಬಿಟ್ಟು ಪೂರ್ವದ ಬಯಲಿನ ಕಡೆ ಸಾಗುತ್ತವೆ, ಮಳೆಗಾಲದ ನಂತರ ಘಟ್ಟಕ್ಕೆ ಮರಳುತ್ತವೆ. ಮೈಸೂರು, ಬೆಂಗಳೂರಿನ ಮೇಲೆ ಹಾದು ಹೋಗುವಾಗ ಅವಕ್ಕೆ ತಂಗಲು ಜಾಗ ಕೊಡಬಹುದು. ಅಪ್ಸೆಣಬಿನ ಜಾತಿಯ, ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಎನ್ನುವ ಗಿಡಗಳನ್ನು ಎರಡು-ಮೂರು ಹಾಕಿ. ಚೇಳುಕೊಂಡಿ ಗಿಡ ತಾನಾಗಿ ಹುಟ್ಟಿದ್ದರೆ ಕಳೆಯೆಂದು ಕೀಳಬೇಡಿ. ಈ ಗಿಡಗಳ ಬಾಡಿದ ಎಲೆ, ಕಾಂಡವನ್ನು ಗಂಡು ಚಿಟ್ಟೆಗಳು ಗುಂಪಾಗಿ ಮುತ್ತುತ್ತವೆ. ಅವು ಅಲ್ಲಿಂದ ಹೀರುವ ರಾಸಾಯನಿಕದಿಂದ ಹೆಣ್ಣನ್ನು ಸೆಳೆಯುವ ಪರಿಮಳ ತಯಾರಾಗುತ್ತದೆ. ಮಕರಂದಕ್ಕೆ ಕೇಪಳ, ತುಂಬೆ, ಪೆಂಟಾಸ್, ಜೀನಿಯಾ ಸಾಕು. ಲಂಟಾನ ಬೇಡ, ಅದು ನಮ್ಮ ಕಾಡುಗಳನ್ನು ನುಂಗಿದ್ದು ಸಾಕು.

ಕೊನೆಗೆ ನಿಮ್ಮ ಮಗಳಿಗೆ ಒಂದು ಮಾತು ತಿಳಿಸಿ. ನಿಮ್ಮ ಕುಂಡದಲ್ಲಿರುವ ಕೆಂಪು-ಹಳದಿ ಹೂವಿನ ಜಾತಿಯನ್ನು ಅಲ್ಲಿ ಅವಳು ನೆಡದಿರಲಿ. ಫ್ಲಾರಿಡಾ, ಟೆಕ್ಸಸ್, ಕ್ಯಾಲಿಫೋರ್ನಿಯಾದ ಬೆಚ್ಚಗಿನ ಕಡೆಗಳಲ್ಲಿ ಅದು ಚಳಿಗಾಲದಲ್ಲೂ ಹಸಿರಾಗಿ ಉಳಿದು ಮೊನಾರ್ಕ್‌ನ ವಲಸೆಗೆ ಅಡ್ಡಿಯಾಗುತ್ತದೆ, ಒಂದು ಪರೋಪಜೀವಿ ರೋಗವೂ ಅದರ ಎಲೆಗಳ ಮೇಲೆ ಕೂಡಿಕೊಂಡು ಹರಡುತ್ತದೆ. ನ್ಯೂಜೆರ್ಸಿಯದ್ದೇ ಆದ ಜಾತಿಗಳು ಬೇಕಾದಷ್ಟಿವೆ: ಬಯಲಿಗೆ ಸಾಮಾನ್ಯ ಮಿಲ್ಕ್‌ವೀಡ್, ತೇವದ ಜಾಗಕ್ಕೆ ಗುಲಾಬಿ ಹೂವಿನ ಸ್ವಾಂಪ್ ಮಿಲ್ಕ್‌ವೀಡ್, ಒಣ ಮಣ್ಣಿಗೆ ಕಿತ್ತಳೆ ಹೂವಿನ ಬಟರ್‌ಫ್ಲೈ ವೀಡ್. ಸಾಮಾನ್ಯ ಮಿಲ್ಕ್‌ವೀಡ್ ಬೇರಿನಿಂದ ಹರಡುತ್ತದೆ, ಚಿಕ್ಕ ಹಿತ್ತಲಾದರೆ ಉಳಿದೆರಡೇ ಮೇಲು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಆ ರಾಜ್ಯದ ತುದಿಯಲ್ಲಿರುವ ಕೇಪ್ ಮೇ ಎಂಬಲ್ಲಿ ದಕ್ಷಿಣಕ್ಕೆ ಹೊರಟ ಮೊನಾರ್ಕ್‌ಗಳು ಗುಂಪುಗೂಡುತ್ತವೆ. ಆಗ ಅವಕ್ಕೆ ಬೇಕಾಗುವುದು ಮಕರಂದ, ಆದ್ದರಿಂದ ಶರತ್ಕಾಲದಲ್ಲಿ ಅರಳುವ ಆಸ್ಟರ್, ಗೋಲ್ಡನ್‌ರಾಡ್ ಕೂಡ ಹಿತ್ತಲಲ್ಲಿರಲಿ. ಅವಳು ಕೂಡಿಟ್ಟ ಬೀಜವನ್ನು ಅಲ್ಲೇ ನವೆಂಬರ್‌ನಲ್ಲಿ ಮಣ್ಣಿಗೆ ಹಾಕಲಿ. ಬೇಕಾದ ಚಳಿ ನೆಲದಲ್ಲೇ ಸಿಗುತ್ತದೆ, ವಸಂತದಲ್ಲಿ ಮೊಳೆಯುತ್ತದೆ.